ಸರ್ ಹೊರಗೆ ನಿಂತ ಹೊತ್ತು

ನಮ್ಮ ವರ್ಕ್‌ಶಾಪು ಇರುವುದು ಕೆನಡಾದ ಒಶಾವಾದಲ್ಲಿ. ಕಾರಿನ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಜಾಗ. ಅದನ್ನು ಕಟ್ಟಿದವರು ಮೈಸೂರಿನಿಂದ ಬಹಳ ಹಿಂದೆ ಬಂದ ಇಂಜಿನಿಯರು. ಕೆಲಸಗಾರರಲ್ಲಿ ಕನ್ನಡದವಳು ನಾನೊಬ್ಬಳೇ. ನನ್ನನ್ನು ನೋಡಿ ಎಲ್ಲರೂ ಅವರನ್ನು 'ಸರ್' ಎನ್ನತೊಡಗಿದ್ದರು. ಅವರು ಒಳಗೆ ಬಂದರೆ ಪಂಜಾಬಿ ವೆಲ್ಡರು ಕೂಡ ಎದ್ದು ನಿಲ್ಲುತ್ತಿದ್ದ. ಆ ಪಾಠ ಕಲಿಸಿದ ಪುಣ್ಯವೂ ನನ್ನದೇ.

ಸರ್‌ಗೆ ಈಗ ಮಂಡಿನೋವು. ವರ್ಕ್‌ಶಾಪನ್ನು ನಮಗೇ ಬಿಟ್ಟುಕೊಡಬೇಕೆಂಬ ಆಸೆ. ಕೆಲಸಗಾರರೇ ಮಾಲೀಕರಾಗುವುದಾದರೆ ವಕೀಲರ ಖರ್ಚು, ಬೆಲೆ ಕಟ್ಟಿಸುವ ಖರ್ಚಿಗೆಲ್ಲ ಸರ್ಕಾರದ ಅನುದಾನವಿತ್ತು. ಅದು ಸಿಗದಿದ್ದರೆ ಬೇರೊಬ್ಬ ಗಿರಾಕಿ ಕಾದಿದ್ದ. ಅವನಿಗೆ ಬೇಕಿದ್ದದ್ದು ಯಂತ್ರಗಳು, ನಾವಲ್ಲ.

ಅನುದಾನದ ಅಧಿಕಾರಿ ನಮ್ಮನ್ನು ನೋಡಲು ಬಂದರು. ಊಟದ ಮೇಜಿನ ಸುತ್ತ ಕೂತೆವು. "ಇದನ್ನು ನಡೆಸಲು ನಿಮಗೆ ನಿಜವಾಗಿ ಇಷ್ಟವೇ?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟೂ ಮುಖಗಳು ಸರ್ ಕಡೆ ತಿರುಗಿದವು. ಅವರು ತಲೆಯಾಡಿಸಿದ ಮೇಲೆ "ಯೆಸ್" ಅಂದೆವು, ಶಾಲೆಯ ಮಕ್ಕಳ ಹಾಗೆ. ನಾಳೆ ಯಂತ್ರ ಕೆಟ್ಟರೆ ತೀರ್ಮಾನ ಯಾರದು ಎಂದು ಆಕೆ ಕೇಳಿದರು. ಮತ್ತೆ ಎಲ್ಲರೂ ಸರ್ ಕಡೆ. ಆಕೆ ಪೆನ್ನು ಕೆಳಗಿಟ್ಟರು. ಇದು ನಿಮ್ಮ ಇಷ್ಟವೋ ಇವರದೋ ತಿಳಿಯದೆ ಶಿಫಾರಸು ಮಾಡಲಾರೆ ಎಂದರು.

ನಾವು ಮರ್ಯಾದೆ ಅಂದುಕೊಂಡದ್ದು ಆಕೆಗೆ ಹೆದರಿಕೆಯಾಗಿ ಕಂಡಿತ್ತು. ಸಿಟ್ಟು ಉಕ್ಕಿ ಬಂತು, ಆಕೆಯ ಮೇಲಲ್ಲ, ಗೂಟದ ಹಾಗೆ ಕೂತಿದ್ದ ನಮ್ಮ ಮೇಲೆ. ಅಷ್ಟರಲ್ಲಿ ನಮ್ಮ ಪರವಾಗಿ ಮಾತಾಡಲು ಸರ್ ಗಂಟಲು ಸರಿಮಾಡಿಕೊಂಡರು. ಅವರು ಮಾತಾಡಿದರೆ ಎಲ್ಲ ಮುಗಿದಂತೆಯೇ.

"ಸರ್, ನೀವು ಸ್ವಲ್ಪ ಹೊರಗಿರಿ," ಅಂದೆ.

"ಏನಮ್ಮಾ?"

"ಪ್ಲೀಸ್ ಸರ್. ಡಿಸೈಡ್ ಮಾಡ್ಬೇಕಾಗಿರೋದು ನಾವು. ನೀವಿದ್ರೆ ಇಲ್ಲಿ ಯಾರೂ ಬಾಯಿ ಬಿಡಲ್ಲ."

ಅವರ ಮುಖ ಸಣ್ಣದಾಯಿತು. ಕೋಟನ್ನೂ ಹಾಕಿಕೊಳ್ಳದೆ ಹಿಮದೊಳಗೆ ಹೋದರು. ನಾನು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡೆ.

ಮೊದಲು ಬಾಯಿ ಬಿಟ್ಟವನು ವೆಲ್ಡರು. ಸರ್ ಅವರ ಮೊದಲ ಲೇತ್ ಯಂತ್ರ ಮಾರಿಬಿಡೋಣ, ಸುಮ್ಮನೆ ಜಾಗ ತಿನ್ನುತ್ತಿದೆ ಎಂದ. ಬೇಡವೇ ಬೇಡ ಎಂದೆ. ಜಗಳ ಜೋರಾಯಿತು. ಅವರೆದುರು ಎಂದೂ ಆಡದ ಮಾತುಗಳೆಲ್ಲ ಹೊರಬಿದ್ದವು. ಆಕೆ ಪೆನ್ನೆತ್ತಿಕೊಂಡು, ಇಷ್ಟು ಸಾಕು, ಶಿಫಾರಸು ಕಳಿಸುತ್ತೇನೆ ಎಂದರು.

ಆಗ ಬಾಗಿಲು ತಟ್ಟಿದ ಸದ್ದು. ತಾವೇ ಕಟ್ಟಿದ ವರ್ಕ್‌ಶಾಪಿನ ಬಾಗಿಲನ್ನು ಅವರು ಯಾವತ್ತೂ ತಟ್ಟಿದವರಲ್ಲ.

"ಒಳಗೆ ಬರ್ಲಾಮ್ಮಾ? ತುಂಬಾ ಚಳಿ."

ಕಾಲು ತಾನಾಗಿ ಏಳಲು ಹೊರಟಿತ್ತು. ಮೇಜನ್ನು ಬಿಗಿಯಾಗಿ ಹಿಡಿದು, ಕೂತಲ್ಲಿಂದಲೇ "ಬನ್ನಿ ಸರ್" ಅಂದೆ.