ಅಡುಗೆಮನೆಯಿಂದ ಪಡಸಾಲೆಗೆ ಫೋನು

ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ. ಅವರ ಪ್ರಕಾರ ಕಂಪ್ಲಿಯ ಜನ ಇತ್ತೀಚೆಗೆ ಬಾಯೊಳಗೇ ಮಾತಾಡುವುದನ್ನು ಕಲಿತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದಲೂ ಅವರ ದಿನ ಕಳೆಯುವುದು ನಮ್ಮ ಅಕ್ಕಿ ಗಿರಣಿಯೊಳಗೆ. ಅಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ತಿರುಗತೊಡಗಿದರೆ ಮಾತಿಗೆ ಕೆಲಸವಿಲ್ಲ. ಕೈ ಎತ್ತಿದರೆ ಭತ್ತ ಸುರಿ, ಕೈ ಬೀಸಿದರೆ ನಿಲ್ಲಿಸು, ಮುಷ್ಟಿಯನ್ನು ಬಾಯಿಗೆ ತಂದರೆ ಚಹಾ. ಮನೆಗೆ ಬಂದ ಮೇಲೂ ಅವರು ಚಹಾ ಕೇಳುವುದು ಮುಷ್ಟಿಯಿಂದಲೇ.

ಕೈಸನ್ನೆಯಲ್ಲಿ ಸಂಸಾರ ಮಾಡಬಹುದು, ಗುಟ್ಟು ಹೇಳಲಾಗುವುದಿಲ್ಲ. ಅವರಿಗೆ ಹೇಳಿದ್ದೆಲ್ಲ ಓಣಿಗೂ ಹೇಳಿದಂತೆಯೇ. ಮಗಳನ್ನು ನೋಡಲು ಸಂಡೂರಿನಿಂದ ಗಂಡಿನವರು ಬಂದಿದ್ದ ದಿನ ಇವರನ್ನು ಅಡುಗೆಮನೆಗೆ ಕರೆದು ನನ್ನ ಅಭಿಪ್ರಾಯ ಹೇಳಿದೆ.

"ಹುಡುಗ ಚಲೋ ಅದಾನ್ರಿ. ಮೂಗು ಸ್ವಲ್ಪ ದಪ್ಪ."

"ಆಂ?" ಎಂದರು. ಇನ್ನೊಮ್ಮೆ ಹೇಳಿದೆ. ಮತ್ತೂ "ಆಂ?" ಎಂದರು. ಮತ್ತೆ ಹೇಳುವ ಹೊತ್ತಿಗೆ ಪಡಸಾಲೆಯಲ್ಲಿ ಉಪ್ಪಿಟ್ಟಿನ ಚಮಚಗಳ ಸದ್ದು ನಿಂತಿತ್ತು. ಆ ಮೂಗು ಈಗ ನಮ್ಮ ಅಳಿಯ. ಬಹಳ ಒಳ್ಳೆಯವನು. ಹಬ್ಬಕ್ಕೆ ಬಂದಾಗ ಮಾತ್ರ ನನ್ನೆದುರು ಆಗಾಗ ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುತ್ತಿರುತ್ತಾನೆ.

ಕಿವಿ ಮಷೀನಿನ ಮಾತೆತ್ತಿದರೆ ಇವರು ಎದ್ದು ಗಿರಣಿಗೆ ಹೋಗುತ್ತಿದ್ದರು. "ಅದನ್ನ ಹಾಕ್ಕೊಂಡು ಗಲ್ಲಾದ ಮ್ಯಾಗ ಕುಂತ್ರ ಕಿವುಡ ಸಾವ್ಕಾರ ಅಂತಾರ" ಎನ್ನುತ್ತಿದ್ದರು. ಆಗಲೇ ಎಲ್ಲರೂ ಹಾಗೆ ಅನ್ನುತ್ತಿದ್ದರು, ಇವರಿಗೆ ಕೇಳಿಸುತ್ತಿರಲಿಲ್ಲ ಅಷ್ಟೇ.

ಮಗಳು ಸಂಡೂರಿನಿಂದ ವಿಡಿಯೋ ಕಾಲ್ ಮಾಡಿದಾಗ ಅವಳ ಬಾಯನ್ನೇ ನೋಡುತ್ತ ತಲೆ ಆಡಿಸುವರು. ಒಮ್ಮೆ ಅವಳು, ಜ್ವರ ಬಂದು ಮಲಗಿದ್ದೆ ಅಪ್ಪಾ ಎಂದಳು. "ಭಾಳ ಚಲೋ ಆತು ಬಿಡವ್ವಾ" ಎಂದರು. ಮುಂದಿನ ಸಲ ಬರುವಾಗ ಅವಳು ಒಂದು ಇಯರ್‌ಫೋನು ತಂದಳು. ಕಿವಿಯೊಳಗೆ ಕೂರುವಂಥದ್ದು, ತುದಿಗೆ ಮೆತ್ತನೆಯ ರಬ್ಬರು. ಅದರಲ್ಲೂ ಸಣ್ಣದು, ನಡುವಿನದು, ದೊಡ್ಡದು ಎಂದು ಬೇರೆ ಬೇರೆ ಕೊಟ್ಟಿದ್ದರು. ದೊಡ್ಡದನ್ನು ಅಪ್ಪನ ಕಿವಿಗೆ ಒತ್ತಿ ಕೂರಿಸಿ, ಸದ್ದು ಪೂರ್ತಿ ಏರಿಸಿ, ಹಿತ್ತಲಿಗೆ ಹೋಗಿ ಫೋನು ಮಾಡಿದಳು.

ಇವರು ಬೆಚ್ಚಿಬಿದ್ದು, "ಯಾಕವ್ವಾ ಹಂಗ ಒದರ್ತೀ?" ಎಂದರು.

ಆ ಮಾತು ಇವರ ಬಾಯಿಂದ ಬಂದದ್ದಕ್ಕೆ ನನಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು.

ಇಯರ್‌ಫೋನು ಹಾಕಿಕೊಂಡರೆ ಅವಮಾನವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಕಾಲೇಜು ಹುಡುಗರೆಲ್ಲ ಅದನ್ನೇ ಸಿಕ್ಕಿಸಿಕೊಂಡಿರುತ್ತಾರೆ. ಹಾಗಾಗಿ ಇವರೂ ಸಿಕ್ಕಿಸಿಕೊಂಡರು. ಜೇಬಿಗೆ ಹಗುರ, ಕಿವಿಗೆ ಮೆತ್ತಗೆ. ದೂರು ಹೇಳುವುದಾದರೆ ಎರಡೇ. ಗಿರಣಿಯ ತೌಡು ಅದರ ಜಾಲರಿಯೊಳಗೆ ಹೊಕ್ಕು ಕೂರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಾನೇ ತಿಕ್ಕಿ ತೆಗೆಯಬೇಕು. ಇನ್ನೊಂದು, ವೈರು ಹೋಗಿ ಕೊರಳಿನ ಶಿವದಾರಕ್ಕೆ ಸುತ್ತಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಪೂಜೆಗೆಂದು ಲಿಂಗವನ್ನು ಅಂಗೈಗೆ ತಂದರೆ ಜೊತೆಗೆ ಇಯರ್‌ಫೋನೂ ಬಂತು. ದೇವರೂ ಒಂದಿಷ್ಟು ಕೇಳಿಸಿಕೊಳ್ಳಲಿ ಎಂದು ನಾನು ಸುಮ್ಮನಾದೆ.

ಅಂದಿನಿಂದ ನಮ್ಮ ಮನೆಯಲ್ಲಿ ಮಾತುಕತೆ ಫೋನಿನಲ್ಲೇ. ಅವರು ಪಡಸಾಲೆಯಲ್ಲಿ, ನಾನು ಒಲೆಯ ಮುಂದೆ.

"ಹಲೋ, ಯಾರು?"

"ನಾನ್ರಿ."

"ಎಲ್ಲಿಂದ ಮಾತಾಡಾಕತ್ತಿ?"

"ಅಡಿಗಿ ಮನಿಯಿಂದ. ರೊಟ್ಟಿ ಆಗ್ಯಾವು, ಬರ್ರಿ."

"ಹೂಂ, ಇಡ್ತೀನಿ" ಎಂದು ಫೋನಿಟ್ಟು ಒಳಗೆ ಬರುವರು.

ರೊಟ್ಟಿಯಿಂದ ಶುರುವಾದದ್ದು ರೊಟ್ಟಿಗೇ ನಿಲ್ಲಲಿಲ್ಲ. ತೀರಿಹೋದ ಅತ್ತೆಯ ಬಗ್ಗೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಒಂದು ಮಧ್ಯಾಹ್ನ ಸಣ್ಣ ದನಿಯಲ್ಲಿ ಹೇಳಿ ಮುಗಿಸಿದೆ. ಪೂರ್ತಿ ಕೇಳಿಕೊಂಡು, "ಆವಾಗ ಹೇಳಬಾರದಾಗಿತ್ತೇನು?" ಎಂದರು. ಆವಾಗ ಹೇಳಿದ್ದರೆ ಮೊದಲು ಅತ್ತೆಗೆ ಕೇಳಿಸುತ್ತಿತ್ತು. ಇಷ್ಟು ವರ್ಷ ಸಂಸಾರ ಮಾಡಿ, ಗಂಡನ ಜೊತೆ ಪಿಸುಮಾತಾಡುವುದು ಎಂದರೆ ಏನೆಂದು ನನಗೆ ಈಗ ಗೊತ್ತಾಯಿತು. ಬಹಳ ಇಷ್ಟವಾಯಿತು.

ಆದರೆ ಇವರ ದನಿ ಮಾತ್ರ ಗಿರಣಿಯದೇ. ನನ್ನ ಪ್ರಶ್ನೆ ಗುಟ್ಟು, ಇವರ ಉತ್ತರ ಡಂಗುರ. ಎದುರು ಮನೆಯಾಕೆ ಒಂದು ದಿನ ಬಂದು ನನ್ನ ಕೈ ಹಿಡಿದು ಕೂತಳು. "ಅಕ್ಕಾ, ಒಂದ ಮನ್ಯಾಗ ಇದ್ದು ಫೋನಿನ್ಯಾಗ ಮಾತಾಡೋವಂಥಾ ಜಗಳ ಏನಾತು? ಹೇಳ್ರಿ, ನಮ್ಮ ಮನಿಯವ್ರು ಬಂದು ಬುದ್ಧಿ ಹೇಳ್ತಾರ." ಎಷ್ಟು ಬಿಡಿಸಿ ಹೇಳಿದರೂ ಅವಳು ನಂಬಲಿಲ್ಲ.

ಹೀಗೇ ನಡೆದಿರುವಾಗ ಇವರು "ಸೌಂಡ್ ಏರಸು" ಎನ್ನತೊಡಗಿದರು. ಸದ್ದು ಆಗಲೇ ಪೂರ್ತಿ ಏರಿತ್ತು. "ಫೋನು ಕೆಟ್ಟೈತಿ" ಎಂದರು. ಅಳಿಯ ಹೊಸ ಫೋನು ತಂದುಕೊಟ್ಟ. ಅದೂ ಕೆಟ್ಟಿದೆ ಎಂದರು. ಕೈಗೆ ಸಿಕ್ಕಿದ ಪಿಸುಮಾತು ಇಷ್ಟು ಬೇಗ ಹೋಗಿಬಿಡುತ್ತದೆಯೇ ಎಂದು ಹೆದರಿ, ಮಾರನೆಯ ದಿನವೇ ಅವರನ್ನು ಹೊಸಪೇಟೆಗೆ ಕರೆದುಕೊಂಡು ಹೋದೆ.

ಕಿವಿ ಡಾಕ್ಟರರ ಬಳಿ ಒಂದು ಗಾಜಿನ ಕೋಣೆ. ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ಇವರು ಟಕಟಕ ಎತ್ತಿದರು. ನಾನು ಹಿಗ್ಗಿದೆ. ಆಮೇಲೆ ನೋಡಿದರೆ ಗಾಜಿನಾಚೆ ಬಟನ್ ಒತ್ತುವ ಹುಡುಗಿಯ ಕೈಯನ್ನು ನೋಡಿ ನೋಡಿ ಎತ್ತುತ್ತಿದ್ದರು. ಗಿರಣಿಯಲ್ಲಿ ಜೀವನವಿಡೀ ಕೈ ನೋಡಿಯೇ ಕೆಲಸ ಮಾಡಿದವರು. ಹುಡುಗಿಗೂ ಗೊತ್ತಾಗಿ, "ಯಜಮಾನ್ರೇ, ಗ್ವಾಡಿ ಕಡಿ ತಿರುಗಿ ಕುಂದ್ರಿ" ಎಂದು ಸನ್ನೆ ಮಾಡಿದಳು. ತಿರುಗಿ ಕೂತರು. ಆಮೇಲೆ ಬೆರಳು ತೊಡೆಯ ಮೇಲೆಯೇ ಇತ್ತು.

ಎಡಗಿವಿ ಬಹುತೇಕ ಹೋಗಿದೆ, ಬಲಗಿವಿ ಕಡಿಮೆಯಾಗುತ್ತಿದೆ ಎಂದರು ಡಾಕ್ಟರು. ಇಯರ್‌ಫೋನಿನ ಸದ್ದು ಪೂರ್ತಿ ಏರಿಸಿದರೆ ಉಳಿದದ್ದೂ ಹೋಗುತ್ತದೆ, ಇಳಿಸಬೇಕು. ಮಷೀನಿಗೆ ಅಳತೆ ಕೊಟ್ಟು ಹೋಗಿ, ಎಷ್ಟು ಉಪಯೋಗವಾಗುತ್ತದೋ ಹಾಕಿದ ಮೇಲೆ ಗೊತ್ತಾಗುತ್ತದೆ ಎಂದರು. ಇವರು ಜಗಳವಾಡದೆ ಅಳತೆ ಕೊಟ್ಟರು. ಅದನ್ನು ನೋಡಿಯೇ ನಾನು ಹೆಚ್ಚು ಹೆದರಿದ್ದು.

ಕಂಪ್ಲಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಮಲಾಪುರ ದಾಟಿತು, ಬಾಳೆ ತೋಟಗಳು ಬಂದವು. ಇವರು ಕಿಟಕಿಯ ಕಡೆ ಮುಖ ಮಾಡಿದ್ದರು. ಅವರ ಜೇಬಿನಿಂದ ಇಯರ್‌ಫೋನು ತೆಗೆದು ಬಲಗಿವಿಗೆ ನಾನೇ ಕೂರಿಸಿ, ಡಾಕ್ಟರು ಹೇಳಿದಷ್ಟೇ ಸದ್ದಿಟ್ಟು, ಪಕ್ಕದಲ್ಲೇ ಕೂತು ಫೋನು ಮಾಡಿದೆ.

"ಹಲೋ, ಯಾರು?"

"ನಾನ್ರಿ. ಅಂಜಿಕಿ ಆಗೈತೇನು?"

ಇಷ್ಟು ವರ್ಷದಲ್ಲಿ ಅಂಜಿಕೆ ಎಂಬ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ.

"ಹೌದು! ಭಾಳ ಅಂಜಿಕಿ ಆಗೈತಿ! ನಾಳೆ ನೀ ಮಾತಾಡಿದ್ದು ಕೇಳಸಲಿಲ್ಲಂದ್ರ ನಾ ಏನ್ ಮಾಡ್ಲಿ?"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಕಂಡಕ್ಟರು ಚೀಟಿ ಹರಿಯುವುದನ್ನು ನಿಲ್ಲಿಸಿದ.

"ಯಾಕ ಎಲ್ಲಾರೂ ನೋಡಾಕತ್ಯಾರ?" ಎಂದು ಅಷ್ಟೇ ಜೋರಾಗಿ ಕೇಳಿದರು.

"ನಿಮ್ಮ ಧೋತರ ಚಂದ ಐತಂತ" ಎಂದೆ.

ಅವರು ಧೋತರದ ಅಂಚು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅಲ್ಲಿಂದ ಕಂಪ್ಲಿ ಬರುವ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ. ಫೋನನ್ನು ಮಾತ್ರ ಇಬ್ಬರೂ ಇಡಲಿಲ್ಲ.