ಬಂಡಿ ದಾರಿಯಿಂದ ಬಂದವನು

ವರ್ಷಗಳ ಹಿಂದೆ ರಬಾಳೆಯ ಕಾರ್ಖಾನೆ ಗೇಟಿನಲ್ಲಿ ನಿಂತಿದ್ದವನನ್ನು ನನ್ನ ಅಣ್ಣನೆಂದು ನಾನು ಹೇಳಲಿಲ್ಲ. ಹೋದ ವಾರ ಒಂದು ಹಳೇ ಗ್ರೀಸ್ ಡಬ್ಬಿಯ ಮುಚ್ಚಳ ತೆಗೆದಾಗ ಗಾಡಿ ಅಚ್ಚಿಗೆ ಹಾಕುವ ಕೀಲೆಣ್ಣೆಯ ವಾಸನೆ ಬಡಿಯಿತು. ಅವನ ಧೋತರಕ್ಕೆ ಯಾವಾಗಲೂ ಇದ್ದ ವಾಸನೆ...

ನಮ್ಮದು ವಿಜಾಪುರದ ಕಡೆಯ ಸಣ್ಣ ವಸ್ತಿ. ಹಳೇ ಬಂಡಿ ದಾರಿಯೇ ಅದನ್ನು ಹುಟ್ಟಿಸಿತ್ತು. ಹತ್ತಿ ಹೇರಿಕೊಂಡು ಪೇಟೆಗೆ ಹೊರಟ ಗಾಡಿಗಳು ಬಾವಿಯ ಹತ್ತಿರ ನಿಲ್ಲುತ್ತಿದ್ದವು. ಗಾಲಿ ರಿಪೇರಿ ಮಾಡುವ ನಮ್ಮಂಥವರು ಅಲ್ಲೇ ಮನೆ ಕಟ್ಟಿಕೊಂಡರು. ಬಂದವನು ಯಾರೆಂದು ಕೇಳುವ ಮೊದಲು ನೀರು ಕೊಡುವುದು ವಸ್ತಿಯ ರೀತಿ. ಎತ್ತುಗಳ ಕಲ್ಲುಬಾನಿ ತುಂಬಿಸುವ ಕೆಲಸ ಅಣ್ಣನದು. ನಾನು ನಾಲ್ಕಕ್ಷರ ಕಲಿಯಲಿ ಎಂದು ಅವನು ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ.

ಟ್ರ್ಯಾಕ್ಟರ್ ಬಂದವು, ಡಾಂಬರು ರಸ್ತೆ ಬೇರೆ ಕಡೆ ಹೋಯಿತು. ಒಬ್ಬೊಬ್ಬರೇ ಕಲ್ಯಾಣ, ಡೊಂಬಿವಲಿ, ರಬಾಳೆ ಎಂದು ದುಡಿಯಲು ಹೊರಟೆವು. ಎಲ್ಲರಿಗಿಂತ ಕೊನೆಗೆ ಅಣ್ಣ ಕೆಲಸ ಕೇಳಿಕೊಂಡು ನನ್ನ ಗೇಟಿಗೆ ಬಂದ.

ಸೂಪರ್‌ವೈಸರ್ ಪಕ್ಕದಲ್ಲೇ ಇದ್ದ. ನಾನು ಪಟ್ಟಣದವನು, ಐಟಿಐ ಕಲಿತವನು ಎಂದು ಅವನಿಗೆ ಸುಳ್ಳು ಹೇಳಿ ಸೇರಿದ್ದೆ. ಧೋತರದ ಈ ಹಳ್ಳಿಯವನು ನನ್ನ ಅಣ್ಣನೆಂದು ತಿಳಿದರೆ ಕೆಲಸ ಹೋಗುತ್ತಿತ್ತು.

"ತೇರಾ ಭಾಯ್ ಹೈ ಬೋಲ್ತಾ. ಹೈ ಕ್ಯಾ?" ಇವನು ನಿನ್ನ ಅಣ್ಣನೇ ಎಂದು ವಾಚ್‌ಮನ್ ನನ್ನನ್ನು ಕೇಳಿದ.

"ನಹೀ. ಕೋಯಿ ಔರ್ ಹೋಗಾ." ಅಲ್ಲ, ಬೇರೆ ಯಾರೋ ಇರಬೇಕು ಎಂದೆ.

'ಭಾಯ್' ಎಂಬ ಒಂದು ಮಾತು ಬಿಟ್ಟರೆ ಅಣ್ಣನಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ತಿಳಿಯಿತು. ವಾಚ್‌ಮನ್‌ಗೆ ಕೈಮುಗಿದ.

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ನಮ್ಮ ತಮ್ಮ ಇಂವನಂಗ ಅದಾನ. ಆದ್ರ ಇಂವ ಅಲ್ಲ."

ಆ ಗೇಟಿನಲ್ಲಿ ಕನ್ನಡ ತಿಳಿದವನು ನಾನೊಬ್ಬನೇ. ಅಣ್ಣ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತ. ನೀರು ಕುಡಿದನೋ ಇಲ್ಲವೋ... ನಾನು ತಿರುಗಿ ನೋಡಲಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಅವನು ಊರಲ್ಲಿ ತೀರಿಕೊಂಡ. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಕಲ್ಲುಬಾನಿಯಲ್ಲಿ ಒಣಗಿದ ಎಲೆಗಳು ಬಿದ್ದಿದ್ದವು. ಆ ದಿನ ಉಳಿಸಿಕೊಂಡ ಕೆಲಸವನ್ನು ಇಂದಿಗೂ ಮಾಡುತ್ತಿದ್ದೇನೆ. ಅದರ ಅನ್ನವನ್ನೇ ಉಣ್ಣುತ್ತಿದ್ದೇನೆ.

ನಿನ್ನೆ ಡ್ಯೂಟಿ ಮುಗಿಸಿ ಗೇಟಿನಲ್ಲಿ ನಿಂತೆ. ವಾಚ್‌ಮನ್ ಈಗ ಹೊಸಬ.

"ಯಹಾಂ ಮೇರಾ ಭಾಯ್ ಆಯಾ ಥಾ," ನನ್ನ ಅಣ್ಣ ಇಲ್ಲಿಗೆ ಬಂದಿದ್ದ ಎಂದೆ.

"ಕಬ್? ರಜಿಸ್ಟರ್ ಮೇ ನಾಮ್ ಲಿಖಾ ಕ್ಯಾ?" ಯಾವಾಗ, ರಜಿಸ್ಟರಿನಲ್ಲಿ ಹೆಸರು ಬರೆದಿದೆಯೇ ಎಂದು ಅವನು ಕೇಳಿದ.

ನೀರು ಉಳಿದಿದ್ದ ನನ್ನ ಬಾಟಲಿಯನ್ನು ಅಣ್ಣ ಕುಳಿತಿದ್ದ ಕಟ್ಟೆಯ ಮೇಲಿಟ್ಟು, ವಾಚ್‌ಮನ್‌ಗೂ ಕೇಳುವ ಹಾಗೆಯೇ ಹೇಳಿದೆ:

"ಅಣ್ಣಾ, ತಪ್ಪಾತು. ನೀ ಹುಡುಕ್ಕೋತ ಬಂದ ತಮ್ಮ ನಾನ."