ಹಿಪ್ಪೆಯಲ್ಲಿ ಅಡಗಿದ್ದ ಹಿರಿಯರು

ಮೊನ್ನೆ ನಿಪ್ಪಾಣಿಯ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲು ಕುಡಿಯಲು ನಿಂತಿದ್ದೆ. ಅಂಗಡಿಯವನು ಕಬ್ಬನ್ನು ಮಡಚಿ, ನಡುವೆ ಶುಂಠಿ ಸಿಕ್ಕಿಸಿ, ಮೂರನೆಯ ಸಲ ಗಾಣಕ್ಕೆ ಕೊಟ್ಟ. ಚಪ್ಪಟೆಯಾಗಿ ಹೊರಬಂದ ಹಿಪ್ಪೆಯನ್ನು ಎಸೆಯಲು ಕೈಯೆತ್ತಿದಾಗ ನನ್ನ ಕೈಯೂ ತಾನಾಗಿ ಎದ್ದಿತು. “ತಡೀರಿ! ಒಗೀಬ್ಯಾಡ್ರಿ!”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಯಾಕ್ರಿ ಸಾಹೇಬ್ರ, ಮನೀಗೆ ಒಯ್ತೀರೇನು?”

ಸುತ್ತಲಿದ್ದವರು ನಕ್ಕರು. ನೀವೂ ನಗಬಹುದು. ಆದರೆ ಸದಲಗಾದಲ್ಲಿ ಆ ಮಧ್ಯಾಹ್ನ ನನ್ನ ಪಕ್ಕದಲ್ಲಿ ನೀವಿದ್ದಿದ್ದರೆ ನಿಮ್ಮ ಕೈಯೂ ಹೀಗೆಯೇ ಏಳುತ್ತಿತ್ತು.

ಸದಲಗಾದ ಬಾಬುಕಾಕಾ ನನ್ನ ಅಪ್ಪನ ದಾಯಾದಿ ತಮ್ಮ. ಜೀವನವಿಡೀ ಬೆಲ್ಲದ ಗಾಣ ನಡೆಸಿದವರು. ಗಾಣದ ಬಾಯಲ್ಲಿ ಹಿಪ್ಪೆ ನಿಲ್ಲಬಾರದು ಎಂಬುದು ಅವರ ಧರ್ಮ. ರಸ ಒಂದು ಕಡೆ ಹರಿಯುತ್ತಿದ್ದಂತೆ ಹಿಪ್ಪೆ ಇನ್ನೊಂದು ಕಡೆ ಹೋಗಬೇಕು, ಒಣಗಿ ಒಲೆ ಸೇರಬೇಕು. ಊಟದ ತಟ್ಟೆಯ ಪಕ್ಕ ಕರಿಬೇವಿನ ಎಲೆ ಬಿದ್ದಿದ್ದರೂ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ನಮ್ಮ ಮನೆತನಕ್ಕೊಬ್ಬ ಹೆಳವಜ್ಜನಿದ್ದ. ಕೆಲವು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕುಳಿತು ಬಂದು, ನಮ್ಮ ಹಿರಿಯರು ಎಲ್ಲಿಂದ ಬಂದರು, ಯಾರ ಮಗ ಯಾರು, ಯಾರ ಮಗಳನ್ನು ಏಕಸಂಬಿಗೆ ಕೊಟ್ಟರು ಎಂಬುದನ್ನೆಲ್ಲ ಹೇಳಿ, ಜೋಳ, ಬಟ್ಟೆ ಪಡೆದು ಹೋಗುತ್ತಿದ್ದ. ಒಂದು ಮಳೆಗಾಲ ಅವನ ವಂಶಾವಳಿಯ ಪುಸ್ತಕ ದೂಧಗಂಗೆಯ ನೆರೆಗೆ ಕೊಚ್ಚಿಹೋಯಿತು. ಕಾಕಾಗೆ ಭಯವಾಯಿತು. ಮುಂದಿನ ಸಲ ಬಂದಾಗ ಅಜ್ಜನನ್ನು ಮೂರು ದಿನ ಕಟ್ಟೆಯ ಮೇಲೆ ಕೂರಿಸಿ, ನೆನಪಿನಲ್ಲಿದ್ದುದನ್ನೆಲ್ಲ ಬರೆದುಕೊಂಡರು. ಆಮೇಲೆ ಎರಡು ಚಳಿಗಾಲ ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಹಾಕಿದರು. ಅಷ್ಟರಲ್ಲಿ ಹೆಳವಜ್ಜ ತೀರಿಕೊಂಡ. ಬರೆದಿಟ್ಟ ಹಾಳೆಗಳಿಂದ ಕಾಕಾನ ಹೆಂಡತಿ ಸುಶೀಲಾ ಕಾಕು ಸ್ನಾನದ ನೀರು ಕಾಯಿಸಿದರು. “ಪೆಟ್ಟಿಗ್ಯಾಗ ಬಂದಾವಲ್ಲ, ಇನ್ನ್ಯಾಕ ಕಾಗದ?” ಎಂಬುದು ಅವರ ವಾದ. ಹೀಗೆ ನಮ್ಮ ಪೂರ್ವಜರೆಲ್ಲ ಒಂದೇ ಕಡತದಲ್ಲಿ, ಒಂದೇ ಮುದಿ ಕಂಪ್ಯೂಟರಿನಲ್ಲಿ ಉಳಿದರು.

ಇಂಥಲ್ಲಿ ಜಾಣನೊಬ್ಬ ಮೊದಲು ಇನ್ನೊಂದು ಪ್ರತಿ ತೆಗೆದಿಡುತ್ತಿದ್ದ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವನು. ಹಾಗಾಗಿ ಆ ಸರಳ ಬುದ್ಧಿ ಹೊಳೆಯಲಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಹೊಡೆದು ಕಡತವನ್ನು ಕುಗ್ಗಿಸುವ ‘ಜೀಜಿಪ್’ ಎಂಬ ವಿದ್ಯೆಯನ್ನು ಫೋನಿನಲ್ಲೇ ಕಾಕಾಗೆ ಕಲಿಸಿದೆ. ಬರೀ ಅಕ್ಷರಗಳ ಆ ಪುಟ್ಟ ಕಡತಕ್ಕೆ ಕುಗ್ಗುವ ಅಗತ್ಯವೇ ಇರಲಿಲ್ಲ. ನನಗೆ ದೊಡ್ಡವನಾಗುವ ಅಗತ್ಯವಿತ್ತು.

“ಗಾಣಕ್ಕ ಕೊಟ್ಟಂಗೇನೋ ತಮ್ಮಾ?” ಎಂದು ಕಾಕಾ ಕೇಳಿದರು.

“ಹೌದ್ರಿ ಕಾಕಾ, ಥೇಟ್ ಹಂಗ,” ಎಂದೆ. ಉಪಮೆ ಬಹಳ ಹಿಡಿಸಿತು. ಮತ್ತೆ ಬಿಚ್ಚುವುದನ್ನು ಆಮೇಲೆ ಹೇಳಿದರಾಯಿತೆಂದು ಬಿಟ್ಟೆ.

ಮುಂದಿನ ಭಾನುವಾರ ಸದಲಗಾಕ್ಕೆ ಹೋದಾಗ ಕಾಕಾ ಕಂಪ್ಯೂಟರಿನ ಮುಂದಿದ್ದರು. ಜೀಜಿಪ್ ಕೆಲಸ ಮುಗಿಸಿ ತುಟಿ ಬಿಚ್ಚುವುದಿಲ್ಲ. ಮೂಲ ಕಡತವನ್ನು ತೆಗೆದು, ಅದರ ಜಾಗದಲ್ಲಿ ಕುಗ್ಗಿದ್ದನ್ನು ಇಟ್ಟು ಸುಮ್ಮನಾಗುತ್ತದೆ. ಆ ಕುಗ್ಗಿದ ಕಡತದ ಹೆಸರು ಪರದೆಯಲ್ಲಿ ಕೆಂಪಗೆ ಕಾಣುತ್ತಿತ್ತು. ಅದರ ಕೆಳಗೆ ಕಾಕಾ ಇನ್ನೊಂದು ಸಾಲು ಹೊಡೆದಿದ್ದರು. ಸಾಲಿನ ಮೊದಲಿಗೆ ‘ಆರ್ ಎಮ್’. ಅಳಿಸು ಎಂಬ ಆಜ್ಞೆ. ಅದೂ ಮಾತಾಡುವುದಿಲ್ಲ, ಅಳಿಸಲೇ ಎಂದು ಕೇಳುವುದಿಲ್ಲ.

ಹಿಂದೆಂದೋ ಅದನ್ನು ಕಲಿಸಿದವನೂ ನಾನೇ.

“ಏನ್ ಮಾಡಾಕತ್ತೀರಿ ಕಾಕಾ?”

“ರಸಾ ಎಲ್ಲಾ ಒಳಗ ಇಳದೈತಿ. ಹಿಪ್ಪಿ ಉಳದೈತಿ ನೋಡು, ಕೆಂಪಗ. ತಗದ ಒಗೀತೀನಿ.” ಬೆರಳು ಎಂಟರ್ ಗುಂಡಿಯ ಮೇಲಿತ್ತು.

ನಾನು ಹಾರಿದೆ. ಕೈ ಕಾಕಾನ ಬೆರಳನ್ನು ಹಿಡಿಯಿತು. ಮೊಣಕೈ ಚಹಾದ ಬಟ್ಟಲನ್ನು ಅವರ ಧೋತರದ ಮೇಲೆ ಕೆಡವಿತು.

“ಹುಚ್ಚ ಹಿಡದೈತೇನಲೇ!”

“ಹಿಪ್ಪಿ ಅಲ್ರಿ ಅದು! ಅದರಾಗ ಮುತ್ಯಾಗೋಳದಾರ!”

ಕಾಕು ಅಡುಗೆಮನೆಯಿಂದ ಓಡಿ ಬಂದು, ಪರದೆ ನೋಡಿ, ನನ್ನನ್ನು ನೋಡಿ, ಗಂಡನ ಧೋತರ ನೋಡಿದರು. “ಮುತ್ಯಾಗೋಳನ್ನ ಆಮ್ಯಾಲ ನೋಡೂನು. ಮೊದಲ ಇದಕ್ಕ ನೀರ ಹಾಕ್ರಿ, ಇಲ್ಲಂದ್ರ ಚಹಾದ ಕಲಿ ಹೋಗಂಗಿಲ್ಲ.”

ಆ ಸಾಲನ್ನು ಅಕ್ಷರ ಅಕ್ಷರವಾಗಿ ಹಿಂದಕ್ಕೆ ಒರೆಸಿದೆ. ಬಿಚ್ಚುವ ‘ಗನ್‌ಜಿಪ್’ ಹೊಡೆದೆ. ಎರಡು ಸಲ ತಪ್ಪಿತು. ಮೂರನೆಯ ಸಲ ಕೆಂಪು ಹೋಗಿ ಹಳೆಯ ಹೆಸರು ಬಂತು. ತೆರೆದರೆ ಎಲ್ಲರೂ ಸಾಲಾಗಿ ಇದ್ದರು, ಒಬ್ಬರಿಗೂ ತರಚುಗಾಯವಿಲ್ಲ.

ಒದ್ದೆ ಧೋತರದಲ್ಲೇ ಕಾಕಾ ಕೈ ಮುಗಿದರು. “ನನ್ನ ಗಾಣದಾಗ ಹೋದ ಕಬ್ಬ ಒಂದರೆ ತಿರುಗಿ ಎದ್ದ ಬಂದಿಲ್ಲ ನೋಡೋ,” ಎಂದರು.

ಆ ದಿನವೇ ಒಂದು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದೆ. ಆದರೂ ನಿದ್ದೆಯ ಅಂಚಿನಲ್ಲಿ ಆ ಬೆರಳು ಇಳಿಯುತ್ತದೆ. ಪ್ರತಿ ಸಲವೂ ನಾನು ಒಂದು ಗಳಿಗೆ ತಡ.

ಮೊನ್ನೆ ನಿಪ್ಪಾಣಿಯಲ್ಲಿ ಕಬ್ಬಿನ ಹಾಲಿನ ಗ್ಲಾಸು ಹಿಡಿದೇ ಕಾಕಾಗೆ ಫೋನ್ ಮಾಡಿದೆ. “ಕಾಕಾ, ಕಡತ ಐತಲ್ರಿ?”

“ಐತೋ. ದಿನಾ ಮುಂಜಾನೆ ಬಿಚ್ಚಿ ಎಬ್ಬಸತೀನಿ, ಒಂದ ಸಲ ಎಲ್ಲಾರನೂ ಓದತೀನಿ, ಸಂಜೀಕ ಮತ್ತ ಮಡಚಿ ಮಲಗಸತೀನಿ.”

“ದಿನಾನೂ? ಒಂದಿನ ಕೈ ತಪ್ಪಿದರ ಏನ್ ಮಾಡ್ತೀರಿ?”

“ತಪ್ಪಿದರ ತಪ್ಪಲಿ. ಈಗ ಪೆಟ್ಟಿಗಿ ಯಾಕ ಬೇಕೋ? ಕೇಳು.”

ಕಾಕಾ ಹೇಳತೊಡಗಿದರು. ಯಾರ ಮಗ ಯಾರು, ಯಾರ ಮಗಳು ಏಕಸಂಬಿಗೆ. ಹೆಳವಜ್ಜನದೇ ಎಳೆತ, ಅವನದೇ ಕೆಮ್ಮು, ಅವನು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು. ಅಂಗಡಿಯವನು ಇನ್ನೂ ಹಿಪ್ಪೆ ಹಿಡಿದು ನಿಂತಿದ್ದ.

“ಒಗೀಲೇನ್ರಿ ಸಾಹೇಬ್ರ?”

“ಒಗೀರಿ,” ಎಂದೆ. ಕಿವಿಯಲ್ಲಿ ಹೆಸರುಗಳು ಬರುತ್ತಲೇ ಇದ್ದವು.